ಸಮುದಾಯ ತೋಟದ ನಕ್ಷೆಯಲ್ಲಿ ಪಾತಿಗಳಿಗಿಂತ ಮೊದಲು ಬರಬೇಕಾದವು

ನಗರದಲ್ಲಿ ಸಮುದಾಯ ತೋಟಕ್ಕೆ ಖಾಲಿ ಜಾಗವೊಂದು ಸಿಕ್ಕಿತೆಂದರೆ, ಯಾರಿಗೆ ಎಷ್ಟು ಪಾತಿ ಎಂಬ ಲೆಕ್ಕ ಮೊದಲ ಸಭೆಯಲ್ಲೇ ಶುರುವಾಗುತ್ತದೆ. ಆ ಉತ್ಸಾಹ ಸಹಜವಾದುದೇ. ಆದರೆ ತೋಟ ಹತ್ತಾರು ವರ್ಷ ಬಾಳುವುದು ಯಾರೊಬ್ಬರಿಗೂ ಸೇರದ ಜಾಗಗಳ ಬಲದಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೀರಿನ ತೊಟ್ಟಿ, ಗೊಬ್ಬರದ ಗುಂಡಿ, ಸಲಕರಣೆಗಳ ಕೋಣೆ, ಓಡಾಡುವ ದಾರಿ, ಕೂರಲು ನೆರಳು ಇವುಗಳನ್ನು ಮೊದಲು ಗುರುತಿಸಿ, ಉಳಿದದ್ದನ್ನು ಪಾತಿಗಳಿಗೆ ಹಂಚಬೇಕು.

ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. ಸಲಕರಣೆ ಕೋಣೆಯ ಚಾವಣಿ 20 ಚದರ ಮೀಟರ್ ಇದ್ದರೆ, 10 ಮಿ.ಮೀ. ಮಳೆಗೆ ಸೋರಿಕೆ ಕಳೆದು 200 ಲೀಟರಿಗೆ ತುಸು ಕಡಿಮೆ ನೀರು ಸಿಗುತ್ತದೆ. ಆದ್ದರಿಂದ ಕೋಣೆ ಎಲ್ಲಿ, ತೊಟ್ಟಿ ಎಲ್ಲಿ ಎಂಬುದನ್ನು ಒಟ್ಟಿಗೇ ತೀರ್ಮಾನಿಸುವುದು ಜಾಣತನ.

ಹೆಚ್ಚಿನ ತಕರಾರು ಹುಟ್ಟುವುದು ಗೊಬ್ಬರದ ಗುಂಡಿಯ ಸುತ್ತ. ಅಡುಗೆಮನೆಯ ಹಸಿ ತ್ಯಾಜ್ಯವನ್ನಷ್ಟೇ ಸುರಿದರೆ ಅದು ಕೊಳೆತು ನಾರುತ್ತದೆ, ಅಕ್ಕಪಕ್ಕದವರು ದೂರುತ್ತಾರೆ, ಕೊನೆಗೆ ಗುಂಡಿಯನ್ನೇ ಮುಚ್ಚಬೇಕಾಗುತ್ತದೆ. ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಇದ್ದರೆ ಗೊಬ್ಬರ ಚೆನ್ನಾಗಿ ಮಾಗುತ್ತದೆ, ಆ ಇಂಗಾಲ ದೊರೆಯುವುದು ಒಣ ಎಲೆಗಳಿಂದ. ಎಲೆ ಉದುರುವುದು ವರ್ಷದ ಕೆಲವು ವಾರ ಮಾತ್ರ, ಹಸಿ ತ್ಯಾಜ್ಯ ಬರುವುದು ಪ್ರತಿದಿನ. ಹಾಗಾಗಿ ಒಣ ಎಲೆಯನ್ನು ಕೂಡಿಡಲು ಗುಂಡಿಯ ಪಕ್ಕದಲ್ಲೇ ಮಳೆ ತಾಗದ ಜಾಗವೊಂದು ಬೇಕೇ ಬೇಕು. ಗೊಬ್ಬರದ ರಾಶಿ ಉದ್ದ, ಅಗಲ, ಎತ್ತರಗಳಲ್ಲಿ ಸುಮಾರು ಒಂದೊಂದು ಮೀಟರ್ ಇದ್ದರೆ ಒಳಗೆ ಕಾವು ನಿಲ್ಲುತ್ತದೆ, ಆ ಕಾವು 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಉಳಿದರೆ ಬಹುಪಾಲು ಕಳೆಬೀಜಗಳು ಸಾಯುತ್ತವೆ.

ಪಾತಿಯ ಅಗಲ 1.2 ಮೀಟರ್ ಮೀರದಿದ್ದರೆ ಎರಡೂ ಬದಿಯಿಂದ ಕೈ ಎಟುಕುತ್ತದೆ, ಮಣ್ಣನ್ನು ತುಳಿಯುವ ಪ್ರಮೇಯವಿರುವುದಿಲ್ಲ. ಗಾಲಿಕುರ್ಚಿಗೆ ಕನಿಷ್ಠ 90 ಸೆಂ.ಮೀ. ದಾರಿ ಬೇಕು. ಹಳೆಯ ಕಟ್ಟಡವಿದ್ದ ನೆಲವಾದರೆ, ಮಣ್ಣಿನಲ್ಲಿ ಸೀಸವೆಂಬ ವಿಷಲೋಹ ಇದೆಯೇ ಎಂಬ ಪರೀಕ್ಷೆಯನ್ನು ಬಿಡುವಂತಿಲ್ಲ.

ಎಲ್ಲರಿಗೂ ಸೇರಿದ್ದು ಹಾಳಾಗಿಯೇ ತೀರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರು ಹಲವು ದೇಶಗಳ ನೀರಾವರಿ, ಹುಲ್ಲುಗಾವಲು, ಮೀನುಗಾರಿಕೆಗಳನ್ನು ಪರಿಶೀಲಿಸಿ, ಬಳಸುವವರೇ ನಿಯಮ ರೂಪಿಸಿ, ತಾವೇ ನಿಗಾ ವಹಿಸಿ, ತಪ್ಪಿದವರಿಗೆ ಮೊದಲು ಸಣ್ಣ ದಂಡವನ್ನಷ್ಟೇ ವಿಧಿಸುವ ಕಡೆ ಹಂಚಿಕೆಯ ಸಂಪತ್ತು ದೀರ್ಘಕಾಲ ಉಳಿದಿರುವುದನ್ನು ತೋರಿಸಿದರು. ಗುಂಡಿ ಮಗುಚುವ ಸರದಿಯೂ ಬೀಗದ ಕೈಯೂ ಯಾರ ಬಳಿ ಇರಬೇಕೆಂಬುದು ಇದೇ ವಿನ್ಯಾಸದ ಭಾಗ.

ನೆಲದ ಹಕ್ಕಿನ ಪ್ರಶ್ನೆ ಇನ್ನೂ ಕಠಿಣ. ಲಾಸ್ ಏಂಜಲೀಸಿನ 14 ಎಕರೆಯ ಸೌತ್ ಸೆಂಟ್ರಲ್ ತೋಟದಿಂದ ಬೆಳೆಗಾರರನ್ನು 2006ರಲ್ಲಿ ಒಕ್ಕಲೆಬ್ಬಿಸಲಾಯಿತು. 2009ರಲ್ಲಿ ಬರ್ಲಿನ್ನಿನಲ್ಲಿ ಪ್ರಿನ್ಸೆಸಿನ್ನೆನ್‌ಗಾರ್ಟನ್ ಎಂಬ ಸಮುದಾಯ ತೋಟ ಆರಂಭಿಸಿದವರು ಗಿಡಗಳನ್ನು ಪೆಟ್ಟಿಗೆ, ಚೀಲಗಳಲ್ಲೇ ಬೆಳೆಸಿ, ಹೊರಡಬೇಕಾದರೆ ಹೊತ್ತೊಯ್ಯುವಂತೆ ಮಾಡಿಕೊಂಡರು. ಫಲ ಕೊಡುವ ಮರಕ್ಕೆ ಆ ಉಪಾಯ ಒದಗದು. ಮರ ನೆಡುವ ಮೊದಲೇ ಗುತ್ತಿಗೆಯ ಅವಧಿಯನ್ನು ಬರಹದಲ್ಲಿ ಪಡೆಯಬೇಕು, ಅದು ಸಿಗದಿದ್ದರೆ ಚಪ್ಪರ ಹಾಕಿ ಬಳ್ಳಿ ಹಬ್ಬಿಸಿದರೂ ಕೂರುವಷ್ಟು ನೆರಳಾಗುತ್ತದೆ.