100 ಮಿಲಿ ಒಂಟಿಸಲಗ

ಹುಟ್ಟುಹಬ್ಬಕ್ಕೆ ಭಾಮೈದ ಒಂದು ಸೆಂಟಿನ ಬಾಟಲಿ ಕೊಟ್ಟ. ಕಪ್ಪು ಗಾಜು, ಕೈಗೆತ್ತಿಕೊಂಡರೆ ಪೇಪರ್‌ವೇಟಿನಷ್ಟು ಭಾರ. ಮುಚ್ಚಳದಲ್ಲಿ ಅಯಸ್ಕಾಂತ ಇದೆ. ಹತ್ತಿರ ತಂದರೆ ಸಾಕು, ನಮ್ಮ ಕೈಯಿಂದ ಕಿತ್ತುಕೊಂಡು ಟಕ್ ಅಂತ ಕೂತುಬಿಡುತ್ತದೆ. ಮೊದಲ ದಿನ ಸೆಂಟಿಗಿಂತ ಜಾಸ್ತಿ ಆ ಮುಚ್ಚಳದ ಜೊತೆಗೇ ಆಟ ಆಡಿದೆ. ಡಬ್ಬದ ಮೇಲೆ ಬರೆದಿದ್ದ ಪ್ರಕಾರ ಇದು ಯಾರಿಗೂ ಸೊಪ್ಪು ಹಾಕದ, ಕಾಡುಮೇಡು ಅಲೆಯುವ, ಮಾತು ಕಮ್ಮಿ ಆಡುವ ಗಂಡಸಿನ ಪರಿಮಳ. ಒಟ್ಟಿನಲ್ಲಿ ಒಂಟಿಸಲಗ. ನಾನೋ, ಬೀಗ ಹಾಕಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸ್ ಬಂದು ಎಳೆದು ನೋಡುವವನು.

ಆದರೂ ಹಾಕಿಕೊಂಡೆ. ಕುತ್ತಿಗೆಗೆ ಎರಡು ಸಲ, ಮಣಿಕಟ್ಟಿಗೆ ಒಂದು ಸಲ, ಇರಲಿ ಅಂತ ಅಂಗಿ ಮೇಲೆ ಸುಮ್ನೆ ಇನ್ನೊಂದು ಸಲ. ಹಾಲ್‌ಗೆ ಬಂದರೆ ಮಗಳು ಪುಸ್ತಕದಿಂದ ತಲೆ ಎತ್ತಿ, "ಓ ನೀನಾ ಅಪ್ಪಾ? ಯಾರೋ ಬಂದ್ರು ಅಂದ್ಕೊಂಡೆ" ಅಂದಳು.

ಅವಳು ಹೇಳಿದ್ದು ಸರಿ. ಯಾರೋ ಬಂದಿದ್ದರು. ಸೆಂಟು ಹಾಕಿಕೊಂಡವನಿಗಿಂತ ನಾಲ್ಕು ಹೆಜ್ಜೆ ಮುಂದೆ ಇನ್ನೊಬ್ಬ ಗಂಡಸು ಒಳಗೆ ಬಂದು, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಾನೆ. ಹಿಂದಿನಿಂದ ಬರುವ ನಾವು ಅವನ ಮರ್ಯಾದೆ ಉಳಿಸಬೇಕು. ಅದೇ ಕಷ್ಟ.

ಇಲ್ಲದವನನ್ನು ಹೀಗೆ ಮುಂದೆ ಕಳಿಸುವುದು ಹಳೇ ಆಟ. 1882ರಲ್ಲಿ ಪ್ಯಾರಿಸ್ಸಿನ ಊಬಿಗಾನ್ ಅನ್ನುವವರು 'ಫೂಜೇರ್ ರೊಯಾಲ್' ಅಂತ ಒಂದು ಸೆಂಟು ತಂದರು. ಫೂಜೇರ್ ಅಂದರೆ ಜರೀಗಿಡ. ತಮಾಷೆ ಏನೆಂದರೆ ಜರೀಗಿಡಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಅದನ್ನು ಬೆರೆಸಿದ ಪಾಲ್ ಪಾರ್ಕೆ ಲ್ಯಾವೆಂಡರ್ ತಗೊಂಡ, ಓಕ್ ಮರಕ್ಕೆ ಅಂಟಿ ಬೆಳೆಯುವ ಒಂದು ಜಾತಿ ಕಲ್ಲುಹೂವು ತಗೊಂಡ, ಒಣಹುಲ್ಲಿನ ವಾಸನೆ ಕೊಡುವ ಕೂಮರಿನ್ ಅನ್ನುವ ಪುಡಿಯನ್ನು ಗಿಡದಿಂದಲ್ಲ, ಲ್ಯಾಬಿನಿಂದ ತರಿಸಿದ, ಎಲ್ಲ ಸೇರಿಸಿ ಜರೀಗಿಡಕ್ಕೆ ವಾಸನೆ ಇದ್ದಿದ್ದರೆ ಹೀಗಿರುತ್ತಿತ್ತು ಅಂದುಬಿಟ್ಟ. ಜನ ಒಪ್ಪಿಕೊಂಡರು. ಒಪ್ಪಿದ್ದಷ್ಟೇ ಅಲ್ಲ, ಮುಂದೆ ಶೇವಿಂಗ್ ಕ್ರೀಮು, ಆಫ್ಟರ್‌ಶೇವ್ ಎಲ್ಲದಕ್ಕೂ ಅದೇ ಜಾಡು ಬಂತು. ಈಗಷ್ಟೇ ನುಣ್ಣಗೆ ಶೇವ್ ಮಾಡಿಕೊಂಡು ಬಂದ ಸಭ್ಯಸ್ಥ ಅಂತ ನಮ್ಮ ಮೂಗು ಇವತ್ತಿಗೂ ಯಾರನ್ನು ನಂಬುತ್ತದೋ, ಅವನು ವಾಸನೆಯೇ ಇಲ್ಲದ ಗಿಡದ ವಾಸನೆ ಹೊಡೆಯುತ್ತಿರುತ್ತಾನೆ.

ಇನ್ನು ಓಲ್ಡ್ ಸ್ಪೈಸ್. ಹಾಯಿಹಡಗು, ಕಡಲು, ಗಂಡಸುತನ, ಅಲ್ವಾ? 1937ರಲ್ಲಿ ಆ ಹೆಸರಿನಲ್ಲಿ ಮೊದಲು ಬಂದದ್ದು ಹೆಂಗಸರಿಗೆ. ಗಂಡಸರ ಸರದಿ ಮರುವರ್ಷ.

ನನಗೆ ಒಳಗೊಳಗೇ ಇಷ್ಟವಾಗುವುದು ಮಾತ್ರ ನೀಲಿ ಬಾಟಲಿಯವರು. ಹೊಳೆ, ಅಲೆ, ಓಟಗಾರ ಅಂತೆಲ್ಲ ತೋರಿಸುತ್ತಾರಲ್ಲ, ಅವರು. 1988ರಲ್ಲಿ ಬಂದ 'ಕೂಲ್ ವಾಟರ್' ಆ ಸಾಲಿನಲ್ಲಿ ದೊಡ್ಡ ಹೆಸರು. ಅದರ ತಂಪಿಗೆ ಮುಖ್ಯ ಕಾರಣ ಡೈಹೈಡ್ರೋಮಿರ್ಸಿನಾಲ್ ಅನ್ನುವ, ಹೇಳುವಷ್ಟರಲ್ಲಿ ನಾಲಿಗೆ ತೊಡರುವ ಒಂದು ಪದಾರ್ಥ. ಬಟ್ಟೆ ಒಗೆಯುವ ಪುಡಿಗೂ ಅದನ್ನೇ ಹಾಕುತ್ತಾರೆ. ಹಾಗಾಗಿ ಈ ಸೆಂಟಿನವನು ಪಕ್ಕಕ್ಕೆ ಬಂದರೆ ನನಗೆ ಸಮುದ್ರ ಕಾಣಿಸುವುದಿಲ್ಲ. ತನ್ನ ಅಂಗಿ ತಾನೇ ಒಗೆದು, ಜಾಡಿಸಿ, ತಂತಿಗೆ ಹಾಕುವ ಗಂಡಸು ಕಾಣಿಸುತ್ತಾನೆ. ಒಂಟಿಸಲಗಕ್ಕಿಂತ ಸಾವಿರ ಪಾಲು ವಾಸಿ.

ನನ್ನ ಬಾಟಲಿಯ ಒಳಗೇನಿದೆ ಅಂತಲೂ ಹುಡುಕಿದೆ. ಕಾಳುಮೆಣಸು, ಒಣ ಮರ, ಕೊನೆಗೆ ಆಂಬ್ರಾಕ್ಸಾನ್. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ ಅಂಬರ್‌ಗ್ರೀಸ್, ಪತ್ರಿಕೆಯವರು 'ತಿಮಿಂಗಿಲದ ವಾಂತಿ' ಅಂತ ಬರೆಯುತ್ತಾರಲ್ಲ, ಅದರ ಬದಲಿಗೆ ಹಾಕುವ ವಸ್ತು ಇದು. ಓಹೋ, ಸಾಗರ, ದೈತ್ಯ ಪ್ರಾಣಿ ಅಂತ ಎದೆ ಉಬ್ಬಿಸಿದರೆ, ಅದನ್ನು ಸೇಜ್ ಜಾತಿಯ ಒಂದು ಬಡಪಾಯಿ ಗಿಡದ ಸತ್ವದಿಂದ ಮಾಡುತ್ತಾರಂತೆ. ಭಾಮೈದನಿಗೆ ಹೇಳಲಿಲ್ಲ, ಪಾಪ.

ಬೆಳಗ್ಗೆ ಹಾಕಿದ ಸೆಂಟು ಇಡೀ ದಿನ ಒಂದೇ ಥರ ಇರುವುದೂ ಇಲ್ಲ. ಬೇಗ ಆವಿಯಾಗುವುದೆಲ್ಲ ಹತ್ತು ಹದಿನೈದು ನಿಮಿಷದಲ್ಲಿ ಹಾರಿಹೋಗುತ್ತದೆ. ಅಂದರೆ ಬಾಗಿಲು ದಾಟುವಾಗ ಇದ್ದ ಮೆಣಸಿನ ಗತ್ತು ಬಸ್ಸು ಹತ್ತುವಾಗ ಇರುವುದಿಲ್ಲ. ಅದರ ಮೇಲೆ ನಮ್ಮ ಮೂಗು, ಒಂದೇ ವಾಸನೆ ಸ್ವಲ್ಪ ಹೊತ್ತು ಸಿಕ್ಕಿದರೆ ಗೊತ್ತಾಯಿತು ಬಿಡು ಅಂತ ಅದನ್ನು ಗಮನಿಸುವುದೇ ನಿಲ್ಲಿಸುತ್ತದೆ. ಹೋಯಿತಲ್ಲಪ್ಪ ಅಂತ ಹಾಕಿಕೊಂಡವನು ಇನ್ನೆರಡು ಸಲ ಹೊಡೆದುಕೊಳ್ಳುತ್ತಾನೆ. ಪಕ್ಕದವರ ಕಣ್ಣಲ್ಲಿ ನೀರು. ಬಾಟಲಿ ಖಾಲಿಯಾಗುವ ಹೊತ್ತಿಗೆ ಆ ಕಾಡು ಗಂಡಸು ಹೇಗಿದ್ದ ಅಂತ ಊರಿಗೆಲ್ಲ ಗೊತ್ತಿರುತ್ತದೆ, ನಮಗೊಬ್ಬರಿಗೆ ಬಿಟ್ಟು.

ಮೊನ್ನೆ ರಾತ್ರಿ ಕಸದ ಚೀಲ ಹಿಡಿದು ಲಿಫ್ಟಿನಲ್ಲಿ ಇಳಿಯುತ್ತಿದ್ದೆ. ನನ್ನ ಬೆಳಗಿನ ಸಲಗ ಯಾವಾಗಲೋ ಆವಿಯಾಗಿತ್ತು. ನಡುವೆ ಒಬ್ಬ ಹುಡುಗ ಹತ್ತಿದ. ಚರ್ಮದ ಜಾಕೆಟ್ಟು, ತೋಳಿಗೆ ಸಿಕ್ಕಿಸಿದ ಹೆಲ್ಮೆಟ್ಟು, ಬಿಗಿದ ಮುಖ. ಬಾಗಿಲು ಮುಚ್ಚಿದ ತಕ್ಷಣ ಗೊತ್ತಾಯಿತು. ಅದೇ ಮೆಣಸು, ಅದೇ ಒಣ ಮರ. ಈಗ ತಾನೇ ಹೊಡೆದುಕೊಂಡದ್ದು. ಡಬ್ಬದ ಮೇಲಿದ್ದವನು ಇವನೇ ಇರಬೇಕು ಅಂದುಕೊಂಡು ನಾನು ಕಸದ ಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ತಗೊಂಡೆ. ಅಷ್ಟರಲ್ಲಿ ಅವನ ಫೋನ್ ಬಂತು.

"ಹ್ಞೂಂ ಅಮ್ಮಾ, ಹೊರಟೆ. ಹಾಕಿದೀನಿ ಬೀಗ. ಇಲ್ಲಮ್ಮಾ, ಎಳೆದು ನೋಡಿದೆ... ನೋಡಿದ್ನಾ?... ತಡಿ, ಒಂದ್ನಿಮಿಷ" ಅಂತ ಹೇಳಿ, ಕೆಳಗೆ ತಲುಪುವ ಮೊದಲೇ ತನ್ನ ಮಹಡಿಯ ಗುಂಡಿ ಒತ್ತಿದ.