ಹಾರುವ ನಾಯಕಿ, ಜಾರುವ ಕೆನೆ

ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಕೆನೆಗಳ ಪದರ ಕಟ್ಟಿ ಮಾಡುವ ಟಿರಾಮಿಸು ಎಂಬ ಸಿಹಿಯ ಇಟಲಿ ಹೆಸರನ್ನು ಬಿಡಿಸಿದರೆ 'ನನ್ನನ್ನು ಮೇಲೆತ್ತು' ಎಂದಾಗುತ್ತದೆ. ಕಟ್ಟಡದ ತುದಿಯಿಂದ ಬೀಳುವವರನ್ನು ಅರ್ಧದಾರಿಯಲ್ಲಿ ಹಿಡಿದು ಮೇಲೆತ್ತುವುದನ್ನೇ ಕಸುಬು ಮಾಡಿಕೊಂಡ ಸೂಪರ್‌ಹೀರೋಯಿನ್‌ಗೆ ಇದಕ್ಕಿಂತ ಒಪ್ಪುವ ಸಿಹಿ ಸಿಗಲಾರದು. ರಮ್ ಹಾಕಿದ ಟಿರಾಮಿಸು ಮಾಡಿಟ್ಟು, ಅಂಥ ನಾಯಕಿಯ ಗ್ರಾಫಿಕ್ ಕಾದಂಬರಿ, ಅಂದರೆ ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕ, ಓದುತ್ತಾ ತಿನ್ನುವುದು ಇಲ್ಲಿನ ಯೋಜನೆ. ತೊಂದರೆ ಇಷ್ಟೇ. ಕಥೆಯಲ್ಲಿ ಅನಾಹುತವಾದ ಕೂಡಲೇ ನಾಯಕಿ ಬರುತ್ತಾಳೆ. ಅಡುಗೆಮನೆಯಲ್ಲಿ ಅನಾಹುತವಾದರೆ ಬರುವುದು ಇರುವೆ.

ಗ್ರಾಫಿಕ್ ಕಾದಂಬರಿ ಯಾವುದಾದರೂ ಆದೀತು, ಆದರೆ ರಮ್ ಸೇರುವ ಸಿಹಿಗೆ ಅಮೆರಿಕದ ಕಾಮಿಕ್ಸ್ ನಾಯಕಿ ವಂಡರ್ ವುಮನ್ನೇ ಸರಿಜೋಡಿ. 1941ರಲ್ಲಿ ಅವಳನ್ನು ಹುಟ್ಟಿಸಿದ ವಿಲಿಯಂ ಮೌಲ್ಟನ್ ಮಾರ್‌ಸ್ಟನ್ ಮನಶ್ಶಾಸ್ತ್ರಜ್ಞ. ರಕ್ತದೊತ್ತಡದ ಏರಿಳಿತ ನೋಡಿ ಸುಳ್ಳು ಹಿಡಿಯುವ ಪರೀಕ್ಷೆಯ ಹಿಂದೆ ಬಿದ್ದಿದ್ದವನು. ಅವನ ನಾಯಕಿಯ ಮಾಯಾಹಗ್ಗಕ್ಕೆ ಸಿಕ್ಕವರು ಶುರುವಿನ ಕಥೆಗಳಲ್ಲಿ ಹೇಳಿದ ಮಾತು ಕೇಳಬೇಕಿತ್ತು. ಬರಬರುತ್ತಾ ನಿಜ ಹೇಳಲೇಬೇಕಾಯಿತು. ರಮ್ ಎರಡನೆಯ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಮೊದಲನೆಯದನ್ನು ಮಾತ್ರ ಅದು ಎಂದೂ ಮಾಡಿದ್ದಿಲ್ಲ.

ಎಡವಟ್ಟು ಶುರುವಾಗುವುದು ಮೊದಲು ಯಾವುದು ಎಂಬಲ್ಲಿ. ಎಲ್ಲರೂ ಪುಸ್ತಕ ತೆರೆದಿಟ್ಟುಕೊಂಡು ಕೆನೆ ಕಡೆಯಲು ನಿಲ್ಲುತ್ತಾರೆ. ಒಂದು ಕೈಯಲ್ಲಿ ಬೀಟರ್, ಇನ್ನೊಂದು ಕೈಯಲ್ಲಿ ಪುಟ. ಹೀಗೆ ಮಾಡಿದರೆ ನಾಯಕಿಯ ಕಿರೀಟದ ಮೇಲೆ ಇನ್ನೊಂದು ಕಿರೀಟ, ಅದೂ ಮೊಟ್ಟೆಯದು. ಮೊದಲು ಟಿರಾಮಿಸು ಕಟ್ಟಿ ಫ್ರಿಜ್‌ಗೆ ಸೇರಿಸಿ, ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಪುಸ್ತಕ ಮುಟ್ಟಿ. ಅದು ಗಟ್ಟಿಯಾಗಲು ಕಡಿಮೆಯೆಂದರೂ 6 ಗಂಟೆ ಬೇಕು. ಓದಲು ಅದಕ್ಕಿಂತ ಒಳ್ಳೆಯ ಸಮಯ ಬೇರೆ ಯಾವಾಗ ಸಿಗುತ್ತದೆ?

ಆರು ಜನರಿಗೆ 4 ಮೊಟ್ಟೆಯ ಹಳದಿ, 100 ಗ್ರಾಂ ಸಕ್ಕರೆ, 250 ಗ್ರಾಂ ಮಸ್ಕಾರ್ಪೋನೆ ಎಂಬ ಕೆನೆಯಂಥ ಮೆತ್ತನೆಯ ಚೀಸ್, 200 ಮಿಲಿ ತಣ್ಣನೆಯ ವಿಪ್ಪಿಂಗ್ ಕ್ರೀಮ್, 200 ಮಿಲಿ ಗಟ್ಟಿ ಕಾಫಿ ಡಿಕಾಕ್ಷನ್, 45 ಮಿಲಿ ಡಾರ್ಕ್ ರಮ್, 24 ಲೇಡಿಫಿಂಗರ್ ಎಂಬ ಬೆರಳಿನಾಕಾರದ ಹಗುರ ಬಿಸ್ಕತ್ತು, ಮೇಲೆ ಉದುರಿಸಲು ಕೋಕೋ ಪುಡಿ. 20 ಸೆಂಟಿಮೀಟರಿನ ಚೌಕ ಪಾತ್ರೆ ಸಾಕು. ಲೇಡಿಫಿಂಗರ್ ಎಂದಾಗ ಬೆಂಡೆಕಾಯಿ ತಂದುಕೊಟ್ಟವರನ್ನು ಯಾವ ನಾಯಕಿಯೂ ಕಾಪಾಡಲಾರಳು.

ಹಳದಿ, ಸಕ್ಕರೆ ಎರಡನ್ನೂ ಬಟ್ಟಲಿಗೆ ಹಾಕಿ, ಸಣ್ಣಗೆ ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು ಕಡೆಯುತ್ತಲೇ ಇರಿ. ಬಟ್ಟಲಿನ ತಳ ನೀರಿಗೆ ತಾಗಬಾರದು. ಥರ್ಮಾಮೀಟರ್ 70 ಡಿಗ್ರಿ ಸೆಲ್ಸಿಯಸ್ ದಾಟಿ, ಮಿಶ್ರಣ ಬೆಳ್ಳಗೆ ಉಬ್ಬಿ ದಪ್ಪಗಾದಾಗ ಇಳಿಸಿ. ಹಸಿ ಮೊಟ್ಟೆಯ ಭಯ ಅಲ್ಲಿಗೆ ಮುಗಿಯಿತು. ಈ ಹೊತ್ತಿನಲ್ಲಿ 'ಅವಳು ಬಾಂಬನ್ನು ತಡೆದಳೋ ಇಲ್ಲವೋ' ಎಂದು ಇಣುಕಲು ಹೋದರೆ, ಬಾಂಬಿನ ಕಥೆ ಏನಾದರೂ ಆಗಲಿ, ನಿಮ್ಮ ಬಟ್ಟಲಲ್ಲಿ ಸಕ್ಕರೆ ಹಾಕಿದ ಮೊಟ್ಟೆ ಪಲ್ಯ ಸಿದ್ಧ.

ಮುಂದಿನ ಗಂಡಾಂತರ ಮಸ್ಕಾರ್ಪೋನೆಯದು. ಫ್ರಿಜ್‌ನಿಂದ ತೆಗೆದು ನೇರವಾಗಿ ಬಿಸಿ ಹಳದಿಗೆ ಹಾಕಿದರೆ ಗಂಟು ಗಂಟು. ಹಳದಿ ಮಿಶ್ರಣ ಆರಬೇಕು, ಚೀಸ್ 20 ನಿಮಿಷ ಹೊರಗಿರಬೇಕು. ಇನ್ನು ಉತ್ಸಾಹದಿಂದ ಜೋರಾಗಿ ಕಡೆದಿರೋ, ಅದರಲ್ಲಿ ಕೊಬ್ಬು ಹೆಚ್ಚಿರುವುದರಿಂದ ನೀರು ಬೇರೆ, ಬೆಣ್ಣೆ ಬೇರೆಯಾಗಿ ಸಂಸಾರ ಒಡೆಯುತ್ತದೆ. ಸ್ವಲ್ಪವೇ ಒಡೆದಿದ್ದರೆ ಎರಡು ಚಮಚ ತಣ್ಣನೆಯ ಕ್ರೀಮ್ ಹಾಕಿ ಕೈಯಲ್ಲೇ ನಿಧಾನವಾಗಿ ಮಗುಚಿ ನೋಡಿ, ರಾಜಿಯಾದರೂ ಆಗಬಹುದು. ಪೂರ್ತಿ ಒಡೆದರೆ ಹೊಸ ಡಬ್ಬಿಯೇ ಗತಿ. ವಿಪ್ಪಿಂಗ್ ಕ್ರೀಮನ್ನು ಬೇರೆಯಾಗಿ, ತುದಿ ಬಾಗುವಷ್ಟು ಕಡೆದು, ಕೊನೆಗೆ ಸೇರಿಸಿ.

ರಮ್ ಹೋಗಬೇಕಾದ್ದು ಕಾಫಿಗೆ, ಅದೂ ಆರಿದ ಕಾಫಿಗೆ. ಬಿಸಿ ಕಾಫಿಗೆ ಸುರಿದರೆ ಪರಿಮಳವೆಲ್ಲ ಅಡುಗೆಮನೆಗೆ, ಕಹಿ ಮಾತ್ರ ಪಾತ್ರೆಗೆ. ಕೆನೆಗೆ ಸುರಿದರೆ ಅದು ಸಡಿಲವಾಗಿ, ಕತ್ತರಿಸಿದ ತುಂಡು ತಟ್ಟೆಯ ಮೇಲೆ ಹರಡಿ ಮಲಗುತ್ತದೆ. ಬಿಸ್ಕತ್ತನ್ನು ಒಂದೊಂದಾಗಿ ಅದ್ದಿ, ಒಂದು ಬದಿಗೆ ಒಂದು ಸೆಕೆಂಡ್. 'ಇನ್ನಷ್ಟು ಹೀರಲಿ ಪಾಪ' ಎಂಬ ಕರುಣೆ ಬಂದರೆ ಕೈಯಲ್ಲಿ ಅರ್ಧ ಬಿಸ್ಕತ್ತು, ಕಾಫಿಯಲ್ಲಿ ಇನ್ನರ್ಧ. ಒಂದು ಪದರ ಬಿಸ್ಕತ್ತು, ಒಂದು ಪದರ ಕೆನೆ, ಮತ್ತೆ ಅದೇ. ಮುಚ್ಚಿ ಫ್ರಿಜ್‌ಗೆ.

ಬೆಂಕಿ ಕಂಡರೆ ಮದ್ಯ ಹಾರಿಹೋಗುತ್ತದೆ ಎಂಬ ಸಮಾಧಾನ ಇಲ್ಲಿ ನಡೆಯದು, ಏಕೆಂದರೆ ಈ ರಮ್ ಬೆಂಕಿಯ ಮುಖವನ್ನೇ ನೋಡಿಲ್ಲ. ಒಂದು ಗಂಟೆ ಬೇಯಿಸಿದ ತಿನಿಸಿನಲ್ಲೇ ಸುಮಾರು ಕಾಲು ಭಾಗ ಮದ್ಯ ಉಳಿದಿರುತ್ತದೆ. ಶೇಕಡಾ 40ರ ರಮ್ 45 ಮಿಲಿ ಎಂದರೆ 18 ಮಿಲಿ ಆಲ್ಕೊಹಾಲ್, ಆರು ಪಾಲು ಮಾಡಿದರೆ ತಲಾ ಹೆಚ್ಚೆಂದರೆ 3 ಮಿಲಿ. ಕಡಿಮೆಯೇ. ಆದರೂ ಮಕ್ಕಳಿಗೆ, ಬಸುರಿಯರಿಗೆ ರಮ್ ಇಲ್ಲದ ಬೇರೆ ಪಾತ್ರೆ ಮಾಡಿ, ಹೆಸರು ಬರೆದು ಅಂಟಿಸಿ. ರಮ್ಮು ವಂಡರ್ ವುಮನ್ನಳ ಅದೃಶ್ಯ ವಿಮಾನದ ಹಾಗೆ. ಕಾಣುವುದಿಲ್ಲ, ಹತ್ತಿದವರು ಹಾರುತ್ತಿರುತ್ತಾರೆ.

ಈಗ ಓದು. ಗ್ರಾಫಿಕ್ ಕಾದಂಬರಿಯನ್ನು ಮಾತಿನ ಗುಳ್ಳೆ ಮಾತ್ರ ಓದಿ ಮುಗಿಸಿದರೆ ಗಂಟೆಯೊಳಗೆ ಕೊನೆಯ ಪುಟ ಬರುತ್ತದೆ, ಆಮೇಲೆ ಐದು ಗಂಟೆ ಫ್ರಿಜ್ ಬಾಗಿಲು ತೆಗೆಯುವುದೇ ಕೆಲಸ. ಚೌಕಟ್ಟು ಚೌಕಟ್ಟಿನ ನಡುವಿನ ಬಿಳಿ ಸಂದಿಗೆ ಗಟರ್ ಎನ್ನುತ್ತಾರೆ. ಒಂದರಲ್ಲಿ ಮುಷ್ಟಿ ಎತ್ತಿರುತ್ತಾಳೆ, ಮುಂದಿನದರಲ್ಲಿ ಖಳನಾಯಕ ಗೋಡೆಗೆ ಅಂಟಿರುತ್ತಾನೆ. ಏಟು ಬಿದ್ದದ್ದು ಆ ಸಂದಿಯಲ್ಲಿ, ಓದುವವರ ತಲೆಯೊಳಗೆ. ಎರಡನೆಯ ಓದನ್ನು ಬರೀ ಚಿತ್ರಕ್ಕೆ, ಬಣ್ಣಕ್ಕೆ ಮೀಸಲಿಡಿ. ಗುಟ್ಟು ಒಡೆಯುವ ದೊಡ್ಡ ಚಿತ್ರವನ್ನು ಪುಟ ತಿರುವಿದ ಕೂಡಲೇ ಎದುರಾಗುವ ಎಡಪುಟದಲ್ಲಿ ಇಡುವುದು ಕಲಾವಿದರ ಹಳೆಯ ಚಾಳಿ. ಬೆರಳು ನೆಕ್ಕಿ ಎರಡು ಪುಟ ಒಟ್ಟಿಗೆ ತಿರುವಿದರೆ ಆ ಗುಟ್ಟು ಗೋವಿಂದ.

ಇಷ್ಟಾದರೂ ಉಳಿದ ಕಾಫಿ-ರಮ್ ಪುಸ್ತಕದ ಮೇಲೆ ಚೆಲ್ಲಿತು ಎನ್ನಿ. ಉಜ್ಜಬೇಡಿ, ಒತ್ತಿ ಹೀರಿಸಿ. ಮಿರುಗುವ ಕಾಗದದ ಮೇಲಿನ ಲೇಪ ಒದ್ದೆಯಾಗಿ, ಪುಟಗಳು ಮುಚ್ಚಿಕೊಂಡೇ ಒಣಗಿದರೆ ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ. ಒದ್ದೆ ಪುಟಗಳ ನಡುವೆ ಬೇಕಿಂಗ್ ಪೇಪರ್ ಇಟ್ಟು, ಪುಸ್ತಕ ತೆರೆದು ಫ್ಯಾನ್ ಗಾಳಿಗೆ ಹಿಡಿಯಿರಿ. ಆಗಲೇ ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ಗೆ ಸೇರಿಸಿ. ನೆನೆದ ಪುಸ್ತಕಗಳಿಗೆ ಗ್ರಂಥಾಲಯಗಳೂ ಇದೇ ಉಪಾಯ ಮಾಡುತ್ತವೆ. ಕೆಳಗೆ ಟಿರಾಮಿಸು, ಮೇಲೆ ಸೂಪರ್‌ಹೀರೋಯಿನ್, ಇಬ್ಬರೂ ತಣ್ಣಗೆ.

ಕೋಕೋ ಪುಡಿಯನ್ನು ಬಡಿಸುವ ಹೊತ್ತಿಗೇ ಜರಡಿಯಲ್ಲಿ ಉದುರಿಸಿ. ಮೊದಲೇ ಹಾಕಿದರೆ ತೇವ ಹೀರಿ ಕಪ್ಪು ಕೆಸರು. ಚಮಚ ಬಾಯಿಯ ಹತ್ತಿರ ಬಂದಾಗ ಉಸಿರು ಒಳಗೆಳೆದರೆ ಪುಡಿ ನೇರ ಗಂಟಲಿಗೆ, ಕೆಮ್ಮಿದರೆ ನೇರ ಎದುರಿನವರ ಬಿಳಿ ಅಂಗಿಗೆ. ಆದ್ದರಿಂದ ನಗುವ ಪುಟ ಬಂದರೆ ಮೊದಲು ಚಮಚ ಕೆಳಗಿಡಿ, ಆಮೇಲೆ ನಗಿ.