‘ದಿಢೀರ್’ ಅನ್ನೋದು ಸರಿಯಲ್ಲ

ನಿಮ್ಮ ಲೇಖನದಲ್ಲಿ ಸುಡಾನಿನ ಎಲ್ ಫಾಶರ್ ನಗರ 2025ರ ಅಕ್ಟೋಬರ್‌ನಲ್ಲಿ ‘ದಿಢೀರನೆ’ ಆರ್‌ಎಸ್‌ಎಫ್ ಎಂಬ, ಅಲ್ಲಿನ ಸೇನೆಯ ವಿರುದ್ಧ ಕಾದಾಡುವ ಅರೆಸೇನಾ ಪಡೆಯ ಕೈಗೆ ಹೋಯಿತು ಅಂತ ಬರೆದಿದ್ದೀರಿ. ಇದನ್ನು ಒಪ್ಪಲು ಆಗುವುದಿಲ್ಲ. 2024ರ ಮೇ ತಿಂಗಳಿಂದಲೇ ಮುತ್ತಿಗೆ ಇತ್ತು, 500 ದಿನಕ್ಕೂ ಜಾಸ್ತಿ. ಊರ ಸುತ್ತ ಮಣ್ಣಿನ ದಿಬ್ಬ ಹಾಕಿ ಕಾಳು, ಔಷಧಿ ಒಳಗೆ ಹೋಗದಂತೆ ತಡೆದರು. ಜನ ಏನು ತಿಂದು ಬದುಕಿದರು ಗೊತ್ತಾ? ಅಂಬಾಜ್. ಅಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ. ನಮ್ಮ ಮನೆಯಲ್ಲಿ ಎಮ್ಮೆಗೆ ಬಕೆಟ್‌ನಲ್ಲಿ ನೆನೆಸಿಡುತ್ತೇವಲ್ಲ, ಅದೇ. ಅದನ್ನು ಮಕ್ಕಳಿಗೆ ಉಣಿಸಿದರು. ಹಸಿವೇ ಅಲ್ಲಿ ದೊಡ್ಡ ಆಯುಧ, ಲೇಖನದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. 2023ರ ಏಪ್ರಿಲ್‌ನಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನ ಸಿಕ್ಕಿಹಾಕಿಕೊಂಡಿದ್ದೂ ಇದೇ ಊರಲ್ಲಿ. ಅವರನ್ನು ವಾಪಸ್ ಕರೆತರಲು ಭಾರತ ಸರ್ಕಾರದ ಆಪರೇಷನ್ ಕಾವೇರಿ ಇತ್ತು. ಫಾಶರ್‌ನವರು ಪಕ್ಕದ ತವಿಲಾ ಊರಿನ ತನಕ ಮರಳಲ್ಲಿ ನಡೆದೇ ಹೋಗಬೇಕಾಯಿತು.